ಹಲಸಿನ ಮರದ ಹೃದಯ

ಹೋದ ತಿಂಗಳು ಶಿವಮೊಗ್ಗದ ಕೋಟೆ ರಸ್ತೆಯಲ್ಲಿ ನಡೆದು ಬರುತ್ತಿದ್ದೆ. ಒಂದು ಅಂಗಡಿಯ ಮುಂದೆ ಬಡಗಿಯೊಬ್ಬ ದೇವರ ಮಂಟಪಕ್ಕೆ ಪಾಲಿಶ್ ಹಚ್ಚುತ್ತಿದ್ದ. ಅರಗು ಮತ್ತು ಸ್ಪಿರಿಟ್ ಬೆರೆತ ಆ ವಾಸನೆ ಮೂಗಿಗೆ ಬಿದ್ದದ್ದೇ ನನ್ನ ಕಾಲು ಅಲ್ಲೇ ನಿಂತಿತು. ಅವನು ತಲೆಯೆತ್ತಿ, "ಏನಕ್ಕಾ, ಬೇಕಿತ್ತಾ?" ಎಂದು ಕೇಳಿದ. ಬೇಡವೆಂದು ತಲೆಯಾಡಿಸಿ ಮನೆಗೆ ಬಂದವಳು ಟ್ರಂಕಿನ ತಳದಿಂದ 1997ರ ಡೈರಿ ಹುಡುಕಿ ತೆಗೆದೆ.

ಆ ಡೈರಿಯನ್ನು ಬೇರೆ ಯಾರಾದರೂ ಓದಿದರೆ ಬೇಸರ ಬರುತ್ತದೆ. ಎದ್ದ ಹೊತ್ತು, ಹಿಡಿದ ಬಸ್ಸು, ಓದಿದ ಪುಟಗಳ ಸಂಖ್ಯೆ, ಯಾವ ಚಿತ್ರವನ್ನು ಎಷ್ಟು ಸಲ ಬರೆದೆ ಎಂಬ ಲೆಕ್ಕ, ಅಷ್ಟೇ. ಮನಸ್ಸಿನ ಮಾತು ಬರೆಯುವ ಅಭ್ಯಾಸ ನನಗೆ ಆಗ ಇರಲಿಲ್ಲ. ಎಣಿಸಲು ಬರುವುದನ್ನು ಮಾತ್ರ ಬರೆಯುತ್ತಿದ್ದೆ. ಮೇ ತಿಂಗಳ ಒಂದು ಪುಟದಲ್ಲಿ ಒಂದೇ ಸಾಲಿದೆ: "ಬಯಾಲಜಿ 29. ಆರು ಕಮ್ಮಿ."

ದ್ವಿತೀಯ ಪಿಯುಸಿಯ ಉಳಿದೆಲ್ಲ ವಿಷಯಗಳಲ್ಲಿ ಪಾಸಾಗಿ ಬಯಾಲಜಿಯೊಂದರಲ್ಲಿ ಉಳಿದುಕೊಂಡಿದ್ದೆ. ಅದರಲ್ಲೂ ಮನುಷ್ಯನ ದೇಹದ ರಚನೆ ಮತ್ತು ಕೆಲಸದ ಭಾಗ ನನ್ನನ್ನು ಮುಳುಗಿಸಿತ್ತು. ನನ್ನ ಅಪ್ಪ ಭದ್ರಾವತಿಯ ಓಲ್ಡ್ ಟೌನಿನ ಒಂದು ಬಟ್ಟೆ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಕೆಲಸಕ್ಕಿದ್ದರು. ಫಲಿತಾಂಶ ಬಂದ ಸಂಜೆ ಅವರು ಬೈಯಲಿಲ್ಲ. ಊಟ ಮುಗಿಸಿ ಕೈ ತೊಳೆದು ಬಂದು ಹೇಳಿದರು:

"ಶೈಲಾ, ಅಕ್ಟೋಬರ್‌ದು ಒಂದು ಸಲ ಕಟ್ಟು. ಆಯ್ತು ಅಂದ್ರೆ ಬಿ.ಎಸ್ಸಿ. ಓದ್ಕೋ, ನಾನು ಬೇಡ ಅನ್ನಲ್ಲ. ಆಗ್ಲಿಲ್ಲ ಅಂದ್ರೆ ಸಾಹುಕಾರ್ರು ಸೀರೆ ಸೆಕ್ಷನ್ನಿಗೆ ಒಂದು ಹುಡುಗಿ ಬೇಕು ಅಂತಿದಾರೆ. ಮದುವೆ ಸೀಸನ್ ಶುರುವಾಗೋ ಹೊತ್ತಿಗೆ ಹೇಳ್ತೀನಿ ಅಂದಿದೀನಿ."

"ಒಂದೇ ಸಲನಾ ಅಪ್ಪ?"

"ಒಂದೇ ಸಲ ಕಣಮ್ಮ. ನಿನ್ನ ಹಿಂದೆ ಇಬ್ಬರು ಇದಾರೆ."

ನನ್ನ ತಂಗಿಯರ ಕಡೆ ನೋಡಿ ನಾನು ತಲೆಯಾಡಿಸಿದೆ. ಸೀರೆ ಮಡಿಸುವ ಕೆಲಸ ಕೀಳೆಂದು ನನಗೆ ಅನ್ನಿಸಿರಲಿಲ್ಲ. ಆದರೆ ಆ ಅಂಗಡಿಯ ಮೆಟ್ಟಿಲು ಹತ್ತಿದರೆ ಮತ್ತೆ ಇಳಿದು ಓದಲು ಹೋಗುವುದಿಲ್ಲ ಎಂಬುದು ನನಗೂ ಅಪ್ಪನಿಗೂ ಗೊತ್ತಿತ್ತು.

ಜೂನ್ ಒಂಬತ್ತರಿಂದ ವಾರಕ್ಕೆ ಮೂರು ದಿನ ಶಿವಮೊಗ್ಗದ ಒಂದು ಟ್ಯುಟೋರಿಯಲ್ಲಿಗೆ ಹೋಗತೊಡಗಿದೆ. ಉಳಿದ ದಿನ ಮನೆಯಲ್ಲಿ ಓದು. ಕಬ್ಬಿಣದ ಕಾರ್ಖಾನೆಯ ಬೆಳಗಿನ ಸೈರನ್ ಕೂಗಿದಾಗ ಪುಸ್ತಕ ತೆರೆದರೆ ಮಧ್ಯಾಹ್ನದ ಸೈರನ್ನಿಗೆ ಮುಚ್ಚುವುದು. ದಿನಕ್ಕೆ ಹನ್ನೆರಡು ಪುಟ. ಮೂಳೆಗಳ ಹೆಸರು ಬಾಯಿಪಾಠವಾದವು, ಹಲ್ಲಿನ ಸೂತ್ರ ಬಂತು. ಹೃದಯ ಮಾತ್ರ ಹಿಡಿತಕ್ಕೆ ಸಿಗಲಿಲ್ಲ. ಪುಸ್ತಕದ ಚಿತ್ರ ಚಪ್ಪಟೆ. ಯಾವ ನಾಳ ಯಾವುದರ ಹಿಂದೆ ಹೋಗುತ್ತದೆ, ಎಲ್ಲಿ ಒಳಗೆ ತೆರೆದುಕೊಳ್ಳುತ್ತದೆ ಎಂಬುದು ಕಾಣುತ್ತಲೇ ಇರಲಿಲ್ಲ.

ಆಗ ನೆನಪಾದದ್ದು ಎದುರು ಮನೆಯ ಆರುಮುಗಂ ಮಾಮ. ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ, ನಿವೃತ್ತಿಯಾದ ಮೇಲೆ ಕ್ವಾರ್ಟರ್ಸ್ ಬಿಟ್ಟು ನಮ್ಮ ಬೀದಿಗೆ ಬಂದವರು. ಬೀದಿಯವರೆಲ್ಲ ಅವರನ್ನು ಪ್ಯಾಟ್ರನ್ ಮಾಮ ಎನ್ನುತ್ತಿದ್ದರು. ಯಂತ್ರದ ಭಾಗವೊಂದನ್ನು ಕಬ್ಬಿಣದಲ್ಲಿ ಎರಕ ಹೊಯ್ಯುವ ಮೊದಲು ಅದೇ ಆಕಾರವನ್ನು ಮರದಲ್ಲಿ ಮಾಡಬೇಕು. ಆ ಮರದ ಅಚ್ಚನ್ನು ಮರಳಿನಲ್ಲಿ ಒತ್ತಿ ತೆಗೆದರೆ ಉಳಿಯುವ ಪೊಳ್ಳಿಗೆ ಕರಗಿದ ಕಬ್ಬಿಣ ಸುರಿಯುತ್ತಾರೆ. ಆ ಮರದ ಅಚ್ಚೇ ಪ್ಯಾಟ್ರನ್. ಕಾಗದದ ಮೇಲಿನ ಗೆರೆ ನೋಡಿ ಮರದಲ್ಲಿ ಉಬ್ಬು ತಗ್ಗು ತೆಗೆಯುವುದೇ ಅವರ ಜೀವಮಾನದ ಕೆಲಸವಾಗಿತ್ತು.

ನಾನು ಪುಸ್ತಕ ಹಿಡಿದು ಹೋದಾಗ ಅವರು ಜಗಲಿಯ ಮೇಲೆ ಕೂತು ಉಳಿ ಮಸೆಯುತ್ತಿದ್ದರು. ಚಿತ್ರವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

"ಏನ್ ಕಣ್ಣು ಇದು, ಪಂಪ್ ಬಾಡಿನಾ?" ಕಣ್ಣು ಎಂದೇ ಅವರು ನನ್ನನ್ನು ಕರೆಯುತ್ತಿದ್ದುದು.

"ಹೃದಯ ಮಾಮ."

"ಅದನ್ನೇ ಹೇಳಿದ್ದು ನಾನು. ಸರಿ, ಬೇರೆ ಕಡೆಯಿಂದ ನೋಡಿದ್ದು ಎಲ್ಲಿ? ಮೇಲಿಂದ, ಪಕ್ಕದಿಂದ?"

"ಇರೋದು ಇದೊಂದೇ."

"ಒಂದೇ ಒಂದು ಸೆಕ್ಷನ್ ಕೊಟ್ಟು ಮಾಡು ಅಂದ್ರೆ ಯಾವ ಡ್ರಾಯಿಂಗ್ ಆಫೀಸಮ್ಮ ಇದು? ನಮ್ಮ ಫೋರ್‌ಮನ್ ಆಗಿದ್ರೆ ಮುಖಕ್ಕೆ ಎಸೀತಿದ್ರು." ಹಾಗಂದರೂ ಪುಸ್ತಕವನ್ನು ವಾಪಸು ಕೊಡಲಿಲ್ಲ. ಒಳಗಿನಿಂದ ಅವರ ಹೆಂಡತಿ ಸೆಲ್ವಿ ಅತ್ತೆ ಕೂಗಿ ಹೇಳಿದರು: "ತಗೊಂಡ್ರು ನೋಡು. ಇನ್ನು ನನ್ನ ಮನೆ ತುಂಬ ಮರದ ಹೊಟ್ಟು."

ಹತ್ತೊಂಬತ್ತು ದಿನ ಹಿಡಿಯಿತು. ಹಲಸಿನ ಮರದ ಒಂದು ತುಂಡು ತಂದು, ಉದ್ದಕ್ಕೆ ಸೀಳಿ, ಎರಡು ಹೋಳು ಮಾಡಿ, ಒಂದಕ್ಕೆ ಮರದ ಗೂಟ, ಇನ್ನೊಂದಕ್ಕೆ ಅದು ಕೂರುವ ತೂತು. ಮುಚ್ಚಿದರೆ ಇಡೀ ಹೃದಯ, ತೆರೆದರೆ ಒಳಗಿನ ನಾಲ್ಕು ಕೋಣೆ. ಮೂಲೆಗಳನ್ನೆಲ್ಲ ಬೆರಳು ಜಾರುವಂತೆ ನಯ ಮಾಡಿದ್ದರು. ಅವರ ಅಳತೆಪಟ್ಟಿಯ ಒಂದು ಇಂಚು ನನ್ನ ಸ್ಕೇಲಿನ ಇಂಚಿಗಿಂತ ಒಂದು ಕೂದಲಿನಷ್ಟು ದೊಡ್ಡದು ಎಂದು ನಾನೇ ಕಂಡುಹಿಡಿದು ಕೇಳಿದೆ.

"ಕಬ್ಬಿಣ ತಣ್ಣಗಾಗೋವಾಗ ಕುಗ್ಗುತ್ತೆ ಕಣ್ಣು. ಅದಕ್ಕೆ ಪ್ಯಾಟ್ರನ್ ಸ್ವಲ್ಪ ದೊಡ್ಡದಾಗೇ ಮಾಡ್ಬೇಕು. ಆ ಪಟ್ಟಿಲೇ ಅದು ಸೇರಿದೆ."

"ಇದನ್ನ ಎರಕ ಹೊಯ್ಯಲ್ವಲ್ಲ ಮಾಮ."

"ಕೈಗೆ ಬೇರೆ ಪಟ್ಟಿ ಹಿಡಿದು ಗೊತ್ತಿಲ್ಲ, ಬಿಡು."

ಜುಲೈ ಕೊನೆಗೆ ಪಾಲಿಶ್ ಹಚ್ಚಿ ಕೊಟ್ಟರು. ನಾನು ಬಲಗಡೆಗೆ ನೀಲಿ, ಎಡಗಡೆಗೆ ಕೆಂಪು ಬಣ್ಣ ಬಳಿದೆ. ಅದು ನನ್ನ ಓದಿನ ಮಣೆಯ ಮೇಲೆ ಇರುತ್ತಿತ್ತು. ತೆರೆಯುವುದು, ಬೆರಳಿಂದ ರಕ್ತದ ದಾರಿ ಹಿಡಿದು ಹೋಗುವುದು, ಮುಚ್ಚುವುದು. ಸ್ಕೇಲಿಟ್ಟು ಪ್ರತಿ ಗೋಡೆಯನ್ನೂ ಅಳೆದು ಡೈರಿಯಲ್ಲಿ ಬರೆದುಕೊಂಡಿದ್ದೆ. ಆ ಅಳತೆಯಂತೆ ಚಿತ್ರ ಬರೆಯುತ್ತಿದ್ದೆ. ಪುಸ್ತಕ ನೋಡುವುದನ್ನೇ ಬಿಟ್ಟೆ. ಕೈಯಲ್ಲಿ ಹಿಡಿದದ್ದಕ್ಕಿಂತ ಹೆಚ್ಚು ಪುಸ್ತಕದಲ್ಲಿ ಏನಿರುತ್ತದೆ ಎಂದು ನನ್ನ ನಂಬಿಕೆ. ಆಗಸ್ಟ್ ಹದಿನೇಳರ ಹೊತ್ತಿಗೆ ನಲವತ್ತೊಂದು ಸಲ ಬರೆದಾಗಿತ್ತು. ಕಣ್ಣು ಮುಚ್ಚಿಕೊಂಡು ಬರೆಯಬಲ್ಲೆ ಎನ್ನುವಷ್ಟು ಧೈರ್ಯ.

ಹದಿನೆಂಟನೇ ತಾರೀಕು ಟ್ಯುಟೋರಿಯಲ್ಲಿನಲ್ಲಿ ಪರೀಕ್ಷೆ. ಹೃದಯದ ಉದ್ದ ಸೀಳಿಕೆಯ ಚಿತ್ರ ಬರೆದು ಭಾಗಗಳನ್ನು ಗುರುತಿಸಿ ಎಂದಿತ್ತು. ನಾನು ಎಲ್ಲರಿಗಿಂತ ಮೊದಲು ಮುಗಿಸಿದೆ. ಬಯಾಲಜಿ ಸರ್ ಅಲ್ಲೇ ಕೂತು ತಿದ್ದಿದರು. ನನ್ನ ಹಾಳೆ ಬಂದಾಗ ಅದನ್ನು ಎತ್ತಿ ಹಿಡಿದರು.

"ಚಿತ್ರ ಎಷ್ಟು ನೀಟಾಗಿದೆ ನೋಡ್ರೋ. ಆದ್ರೆ ಎಡ ವೆಂಟ್ರಿಕಲ್, ಬಲ ವೆಂಟ್ರಿಕಲ್, ಎರಡರ ಗೋಡೆನೂ ಒಂದೇ ದಪ್ಪ. ಯಾರ ಹೃದಯ ಮಾರಾಯ್ತಿ ಇದು?"

"ಭದ್ರಾವತಿದು ಸರ್," ಎಂದ ಹಿಂದಿನ ಬೆಂಚಿನವನೊಬ್ಬ.

"ಹಾಗಾದ್ರೆ ಕಬ್ಬಿಣದ್ದೇ ಇರ್ಬೇಕು."

ಎಲ್ಲರೂ ನಕ್ಕರು. ನಾನು ಎದ್ದು ನಿಂತು, "ಅಳತೆ ಮಾಡಿ ಬರೆದಿದ್ದೀನಿ ಸರ್," ಎಂದೆ. ಸರ್ ನಗು ನಿಲ್ಲಿಸಿ ನನ್ನನ್ನು ನೋಡಿದರು.

"ನೀನು ಚೆನ್ನಾಗಿ ಎಣಿಸ್ತೀಯ, ಚೆನ್ನಾಗಿ ಅಳೀತೀಯ. ನಾನು ಎರಡು ತಿಂಗಳಿಂದ ನೋಡ್ತಿದೀನಿ. ಎಡಗಡೆ ಯಾಕೆ ದಪ್ಪ ಅಂತ ಒಂದು ಸಲನಾದ್ರೂ ಕೇಳ್ಕೊಂಡಿದ್ರೆ ಈ ತಪ್ಪು ಆಗ್ತಾನೇ ಇರ್ಲಿಲ್ಲ. ಕೂತ್ಕೋ."

ಹಿಂತಿರುಗುವ ಬಸ್ಸಿನಲ್ಲಿ ಪುಸ್ತಕ ತೆರೆದೆ. ಎಡಗಡೆಯ ಗೋಡೆ ದಪ್ಪವಾಗಿಯೇ ಇತ್ತು, ಮೊದಲಿನಿಂದಲೂ. ನಲವತ್ತೊಂದು ಸಲ ಬರೆದದ್ದು, ನಲವತ್ತೊಂದೂ ತಪ್ಪು. ಕಾಗದನಗರದ ಕಡೆಯಿಂದ ಬರುವ ಕಾಗದದ ಕಾರ್ಖಾನೆಯ ವಾಸನೆ ಕಿಟಕಿಯಲ್ಲಿ ನುಗ್ಗಿದಾಗ ಯಾವಾಗಲೂ ಮೂಗು ಮುಚ್ಚಿಕೊಳ್ಳುತ್ತಿದ್ದೆ. ಅವತ್ತು ಅದೂ ಮರೆತಿತ್ತು. ಅಕ್ಟೋಬರ್ ಪರೀಕ್ಷೆಗೆ ಇನ್ನು ಎರಡು ತಿಂಗಳೂ ಉಳಿದಿರಲಿಲ್ಲ. ಇದೊಂದೇ ತಪ್ಪೋ, ನಾನು ಲೆಕ್ಕ ಹಾಕಿ ಕಲಿತ ಎಲ್ಲದರಲ್ಲೂ ಹೀಗೆ ಏನಾದರೂ ಇದೆಯೋ?

ಬಸ್ಸಿಳಿದು ನೇರ ಮಾಮನ ಮನೆಗೆ ಹೋದೆ. ಪುಸ್ತಕ ಮತ್ತು ನನ್ನ ಹಾಳೆ, ಎರಡನ್ನೂ ಮುಂದಿಟ್ಟೆ. ಅವರು ಕನ್ನಡಕ ಏರಿಸಿ ನೋಡಿದರು.

"ಡ್ರಾಯಿಂಗಲ್ಲಿ ಒಂದು ಕಡೆ ದಪ್ಪ ಇತ್ತು. ನೋಡಿದ್ದೆ ನಾನು."

"ಮತ್ತೆ?"

"ಬರೆದವನ ತಪ್ಪು ಅಂದ್ಕೊಂಡು ಸರಿ ಮಾಡ್ದೆ." ಅವರ ದನಿಯಲ್ಲಿ ಅಳುಕೇ ಇರಲಿಲ್ಲ. "ಒಂದು ಕಡೆ ದಪ್ಪ, ಒಂದು ಕಡೆ ತೆಳು ಇದ್ರೆ ತೆಳು ಇರೋದು ಬೇಗ ತಣ್ಣಗಾಗುತ್ತೆ, ದಪ್ಪ ಇರೋದು ನಿಧಾನಕ್ಕೆ. ಒಂದನ್ನೊಂದು ಎಳೆದು ಸೀಳು ಬಿಡುತ್ತೆ. ಗೋಡೆ ಎಲ್ಲಾ ಒಂದೇ ದಪ್ಪ ಇರ್ಬೇಕು. ಮೊದಲನೇ ವರ್ಷ ಕಲಿಸೋ ಪಾಠ ಅದು. ಮೂವತ್ತೊಂದು ವರ್ಷದಲ್ಲಿ ಎಷ್ಟು ಡ್ರಾಯಿಂಗ್ ತಿದ್ದಿದೀನಿ ಗೊತ್ತಾ?"

"ಮಾಮ, ಇದು ಹೃದಯ. ಇದರ ಮೇಲೆ ನನಗೆ ಸೊನ್ನೆ ಹಾಕಿದಾರೆ."

ಅವರು ನನ್ನ ಹಾಳೆಯ ಕೆಂಪು ಗೆರೆಯ ಮೇಲೆ ಹೆಬ್ಬೆರಳಾಡಿಸಿದರು. ಯಾರೋ ಅವರ ಕೆಲಸವನ್ನೇ ತಿದ್ದಿ ಕಳಿಸಿದ ಹಾಗೆ ಮುಖ ಸಣ್ಣದಾಯಿತು. ಹಾಳೆಯನ್ನು ಮಡಿಸಿ ನನ್ನ ಕೈಗಿಟ್ಟು ಹೇಳಿದರು:

"ನಿಮ್ಮ ಸರ್ ಹೇಳಿದ್ದು ಬೇಡ, ನಾನು ಹೇಳಿದ್ದೂ ಬೇಡ. ಭಾನುವಾರ ಬಾ. ನಿಜವಾದ್ದನ್ನ ನೋಡೋಣ."

ನಿಜವಾದದ್ದು ಎಂದರೆ ಏನೆಂದು ನನಗೆ ತಿಳಿಯಿತು. ನಮ್ಮದು ಲಿಂಗಾಯತರ ಮನೆ. ಮೊಟ್ಟೆಯ ಸಿಪ್ಪೆ ಬೀದಿಯಲ್ಲಿ ಬಿದ್ದಿದ್ದರೆ ಅಮ್ಮ ಸುತ್ತು ಹಾಕಿ ಬರುವವಳು. ಮೇಲಾಗಿ ಶ್ರಾವಣ. ಐದು ದಿನ ನಾನು ಹೋಗಲೋ ಬೇಡವೋ ಎಂದು ಒದ್ದಾಡಿದೆ. ಶನಿವಾರದ ಪುಟದಲ್ಲಿ "ಪುಟ: 0" ಎಂದಿದೆ. ಜೂನಿನಿಂದ ಪರೀಕ್ಷೆಯವರೆಗೆ ಸೊನ್ನೆ ಪುಟದ ದಿನ ಅದೊಂದೇ.

ಆಗಸ್ಟ್ ಇಪ್ಪತ್ನಾಲ್ಕು, ಭಾನುವಾರ. ಅಮ್ಮನಿಗೆ ಹೇಳದೆ ಹೋದೆ. ಮಾಮ ಬೆಳಿಗ್ಗೆಯೇ ಮಟನ್ ಅಂಗಡಿಗೆ ಹೋಗಿ ಬಂದಿದ್ದರು. ಹಿತ್ತಲಿನ ಕಲ್ಲಿನ ಮೇಲೆ ಬಾಳೆ ಎಲೆ, ಎಲೆಯ ಮೇಲೆ ಕುರಿಯ ಹೃದಯ. ನನ್ನ ಮುಷ್ಟಿಗಿಂತ ಸ್ವಲ್ಪ ದೊಡ್ಡದು. ಕೊರಳಿನ ಲಿಂಗದ ಕರಡಿಗೆಯನ್ನು ಕುಪ್ಪಸದೊಳಗೆ ಸೇರಿಸಿಕೊಂಡು ನಾನು ಎರಡು ಮಾರು ದೂರ ನಿಂತೆ.

"ಅಲ್ಲಿಂದ ಏನ್ ಕಾಣುತ್ತೆ ನಿನಗೆ?" ಎಂದರು ಸೆಲ್ವಿ ಅತ್ತೆ. "ಕಚ್ಚಲ್ಲ, ಬಾ."

ಮಾಮ ಅತ್ತೆಯ ಈಳಿಗೆ ಮಣೆಯ ಅಲಗಿಗೆ ಅದನ್ನೊತ್ತಿ ಮೇಲಿನಿಂದ ಕೆಳಕ್ಕೆ ಒಂದೇ ಎಳೆತಕ್ಕೆ ಸೀಳಿದರು. ಎರಡು ಹೋಳುಗಳನ್ನು ತೆರೆದು ಎಲೆಯ ಮೇಲೆ ಮಲಗಿಸಿದರು. ನಾನು ಉಸಿರು ಬಿಗಿಹಿಡಿದು ಬಗ್ಗಿದೆ. ಬಗ್ಗಿದವಳಿಗೆ ಅಸಹ್ಯ ಪಡಬೇಕು ಎಂಬುದೇ ಮರೆತುಹೋಯಿತು. ಒಂದು ಕಡೆಯ ಗೋಡೆ ತೆಳ್ಳಗೆ, ಮಡಿಸಿದ ಬಟ್ಟೆಯ ಹಾಗೆ ಒಳಕ್ಕೆ ಬಾಗಿಕೊಂಡಿತ್ತು. ಇನ್ನೊಂದು ಕಡೆಯದು ಬಿಗಿಯಾಗಿ ನೆಟ್ಟಗೆ ನಿಂತಿತ್ತು. ಮಾಮ ದಪ್ಪ ಅಳೆಯುವ ಕ್ಯಾಲಿಪರ್ ತೆಗೆದು ಕಾಲುಗಳನ್ನು ಗೋಡೆಯ ಎರಡು ಕಡೆಗೆ ಇಟ್ಟು ನನ್ನ ಸ್ಕೇಲಿಗೆ ಹಿಡಿದರು. ಅವರ ಪಟ್ಟಿಗೆ ಹಿಡಿಯಲಿಲ್ಲ. ಬಲಗಡೆ ಐದು ಮಿಲಿಮೀಟರ್. ಎಡಗಡೆ ಹದಿನಾಲ್ಕು. ಮತ್ತೊಮ್ಮೆ ಅಳೆದರು. ಅಷ್ಟೇ ಬಂತು.

"ಇದು ಸೀಳಲ್ವಾ ಮಾಮ?" ಎಂದು ಕೇಳಿದೆ. ಅಣಕಿಸಲು ಕೇಳಿದ್ದಲ್ಲ, ನಿಜವಾಗಿಯೂ ತಿಳಿಯಬೇಕಿತ್ತು.

ಅವರು ದಪ್ಪ ಗೋಡೆಯ ಒಳಗೆ ಹೆಬ್ಬೆರಳಿಟ್ಟು ಒತ್ತಿ ನೋಡಿದರು.

"ನಮ್ಮ ರೂಲು ತಣ್ಣಗಾಗೋ ವಸ್ತುವಿಗೆ ಕಣ್ಣು. ಇದನ್ನ ತಣ್ಣಗಾಗಕ್ಕೆ ಅಂತ ಮಾಡಿಲ್ಲ."

ಆಮೇಲೆ ನನ್ನ ಕಡೆ ತಿರುಗಿ, "ಸರಿ, ನೀನು ಹೇಳು. ಎಡಗಡೆಗೆ ಯಾಕೆ ಇಷ್ಟು ಮಾಲು ಹಾಕಿದ್ದಾರೆ? ಸುಮ್ಮನೆ ಯಾರೂ ಹಾಕಲ್ಲ," ಎಂದರು.

ನಾನು ಪುಸ್ತಕದ ವಾಕ್ಯ ಹುಡುಕಿದೆ. ಬಾಯಿಗೆ ಬರಲಿಲ್ಲ. ಬಲಗಡೆಯಿಂದ ಹೊರಟ ರಕ್ತ ಎಲ್ಲಿಗೆ ಹೋಗುತ್ತದೆ ಎಂದು ನನ್ನ ಎದೆಯ ಮೇಲೆ ಬೆರಳಿಟ್ಟು ನೋಡಿಕೊಂಡೆ. ಪಕ್ಕದಲ್ಲೇ ಇರುವ ಶ್ವಾಸಕೋಶಕ್ಕೆ. ಎಡಗಡೆಯಿಂದ ಹೊರಟದ್ದು? ತಲೆಗೆ. ಕೈಗೆ. ಕಾಲಿನ ಹೆಬ್ಬೆರಳ ತುದಿಗೆ.

"ಬಲಗಡೆದು ಪಕ್ಕದ ಮನೆಗೆ ನೀರು ಬಿಡುತ್ತೆ ಮಾಮ. ಎಡಗಡೆದು ಇಡೀ ಊರಿಗೆ ಬಿಡ್ಬೇಕು."

"ಹಾಂ. ಹಂಗಂದ್ರೆ ಎಡಗಡೆ ದಪ್ಪ ಇರ್ಲೇಬೇಕಲ್ಲ," ಎಂದರು ಮಾಮ, ತಾನೇ ಮೊದಲಿನಿಂದ ಹೇಳುತ್ತಿದ್ದೆ ಎನ್ನುವ ಹಾಗೆ.

"ನಿಮ್ಮ ಅಳತೆ ಮುಗಿದಿದ್ರೆ ಕೊಡಿ ಇತ್ಲಾಗೆ," ಎಂದರು ಸೆಲ್ವಿ ಅತ್ತೆ. "ಎಣ್ಣೆ ಕಾದು ಅರ್ಧ ಗಂಟೆ ಆಯ್ತು."

ಮನೆಗೆ ಬಂದು ಅಮ್ಮನಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಅಮ್ಮ ಬಚ್ಚಲಿನ ಕಡೆ ಕೈ ತೋರಿಸಿದಳು. ತಲೆಯ ಮೇಲೆ ಮೂರನೇ ತಂಬಿಗೆ ಸುರಿದುಕೊಳ್ಳುತ್ತಿದ್ದಾಗ ಬಾಗಿಲಾಚೆಯಿಂದ ದನಿ ಬಂತು.

"ಶೈಲಾ."

"ಏನಮ್ಮ?"

"ದಪ್ಪ ಇದ್ದಿದ್ದು ಯಾವ ಕಡೆ?"

"ಎಡಗಡೆ."

"ಹೂಂ. ಇನ್ನೊಂದು ತಂಬಿಗೆ ಹಾಕ್ಕೋ."

ಮಾಮ ಮರದ ಹೃದಯವನ್ನು ವಾಪಸು ತೆಗೆದುಕೊಂಡರು. "ಎಡಗಡೆಗೆ ಮರ ಸೇರಿಸಕ್ಕಾಗಲ್ಲ, ಬಲಗಡೆದು ತೆಗೀಬಹುದು," ಎಂದು ಮೂರು ಸಂಜೆ ಕೂತು ನೀಲಿ ಬಣ್ಣದ ಗೋಡೆಯನ್ನು ಒಳಗಿನಿಂದ ಕೆತ್ತಿ ತೆಳು ಮಾಡಿದರು. ನಾನು ಡೈರಿಯಲ್ಲಿ ಇನ್ನೊಂದು ಗೆರೆ ಎಳೆದು ಹೊಸ ಅಂಕಣ ಮಾಡಿದೆ. ಅದರ ತಲೆಗೆ "ಯಾಕೆ" ಎಂದು ಬರೆದೆ. ತೊಡೆಯ ಮೂಳೆ ಯಾಕೆ ಪೊಳ್ಳು? ಸಣ್ಣ ಕರುಳು ಯಾಕೆ ಅಷ್ಟು ಉದ್ದ? ಉತ್ತರ ಹೊಳೆಯದೆ ಮುಂದಿನ ಪುಟ ತಿರುವಬಾರದು ಎಂದು ನಿಯಮ.

ಅದರಿಂದ ಇನ್ನೊಂದು ಸಂಕಟ ಹುಟ್ಟಿತು. ದಿನಕ್ಕೆ ಹನ್ನೆರಡು ಪುಟ ಓದುತ್ತಿದ್ದವಳು ನಾಲ್ಕಕ್ಕೆ ಇಳಿದೆ. ಒಂದು ದಿನ ಎರಡೇ ಪುಟ. ಉಳಿದ ದಿನ ನಲವತ್ತೈದು, ಉಳಿದ ಪುಟ ಅದರ ಆರು ಪಟ್ಟು. ಯಾವ ರೀತಿ ಭಾಗಿಸಿದರೂ ಹೊಂದುತ್ತಿರಲಿಲ್ಲ. ಅಪ್ಪ ಒಮ್ಮೆ ನನ್ನ ಹೆಗಲ ಹಿಂದೆ ನಿಂತು ಆ ಲೆಕ್ಕ ನೋಡಿದರು.

"ಇಷ್ಟು ನಿಧಾನ ಆದ್ರೆ ಮುಗಿಯುತ್ತೇನಮ್ಮ?"

"ಎಲ್ಲಾ ಮುಗಿಯಲ್ಲ ಅಪ್ಪ. ಓದಿದ್ದು ಮಾತ್ರ ಹೋಗಲ್ಲ."

ಅಪ್ಪನಿಗೆ ಸಮಾಧಾನವಾಗಲಿಲ್ಲ. ನನಗೂ ಆಗಿರಲಿಲ್ಲ. ಸೆಪ್ಟೆಂಬರ್ ಕೊನೆಗೆ ಕೂತು ಮೂರು ಅಧ್ಯಾಯ ಪೂರ್ತಿ ಬಿಡುವುದೆಂದು ತೀರ್ಮಾನಿಸಿದೆ. ಹಿಂದೆ ಒಂದು ಸಾಲು ಬಿಟ್ಟರೂ ನಿದ್ದೆ ಬಾರದವಳು ಆ ಮೂರು ಹೆಸರಿನ ಮೇಲೆ ಅಡ್ಡಗೆರೆ ಎಳೆದು ಹೊದ್ದು ಮಲಗಿದೆ.

ಅಕ್ಟೋಬರ್ ಹದಿನಾಲ್ಕು, ಶಿವಮೊಗ್ಗದ ಪರೀಕ್ಷಾ ಕೇಂದ್ರ. ಪ್ರಶ್ನೆಪತ್ರಿಕೆ ತಿರುಗಿಸಿ ನೋಡಿದೆ. ಹೃದಯದ ಚಿತ್ರ ಬಂದೇ ಇರಲಿಲ್ಲ. ನಾನು ಬಿಟ್ಟಿದ್ದ ಒಂದು ಅಧ್ಯಾಯದಿಂದ ದೊಡ್ಡ ಪ್ರಶ್ನೆಯೇ ಬಂದಿತ್ತು. ಬರುವುದನ್ನೆಲ್ಲ ಬರೆದು, ಬಿಟ್ಟ ಪ್ರಶ್ನೆಗೆ ಜಾಗ ಖಾಲಿ ಇಟ್ಟು, ಕೊನೆಗೆ ಮೂತ್ರಪಿಂಡದ ಪ್ರಶ್ನೆಗೆ ಬಂದೆ. ಅಲ್ಲಿನ ಸಣ್ಣ ರಕ್ತನಾಳಗಳ ಗಂಟಿಗೆ ಒಳಬರುವ ನಾಳ ಅಗಲ, ಹೊರಹೋಗುವ ನಾಳ ಕಿರಿದು. ಕಾರಣವೇನು?

ಅದರ ಉತ್ತರವನ್ನು ನಾನು ಎಲ್ಲಿಯೂ ಓದಿರಲಿಲ್ಲ. ಹಳೆಯ ನಾನಾಗಿದ್ದರೆ ಸಾಲು ಬಿಟ್ಟು ಮುಂದೆ ಹೋಗುತ್ತಿದ್ದೆ. ಪೆನ್ನಿನ ಮುಚ್ಚಳ ಹಾಕಿ, ಸುಮ್ಮನೆ ಯಾರೂ ಹಾಗೆ ಮಾಡುವುದಿಲ್ಲ ಎಂದುಕೊಂಡೆ. ಬರುವ ದಾರಿ ಅಗಲ, ಹೋಗುವ ದಾರಿ ಇಕ್ಕಟ್ಟಾದರೆ ನಡುವೆ ಸೇರಿದ್ದು ಒತ್ತಿಕೊಳ್ಳುತ್ತದೆ. ಒತ್ತಿಕೊಂಡರೆ ಸೋಸಿ ಹೊರಗೆ ಬರುತ್ತದೆ. ಸೋಸುವುದೇ ಮೂತ್ರಪಿಂಡದ ಕೆಲಸ. ಮೂರು ಸಾಲು ಬರೆದೆ. ಇಡೀ ಉತ್ತರಪತ್ರಿಕೆಯಲ್ಲಿ ಪುಸ್ತಕದ್ದಲ್ಲದ, ನನ್ನದೇ ಆದ ಮೂರು ಸಾಲು. ಗಂಟೆ ಹೊಡೆಯಿತು. ಪಾಸಾಗುತ್ತೇನೋ ಇಲ್ಲವೋ ತಿಳಿಯದೆ ಎದ್ದು ಬಂದೆ.

ಫಲಿತಾಂಶ ಬಂದದ್ದು ನವೆಂಬರ್ ಕೊನೆಯ ವಾರ. ಅಷ್ಟರಲ್ಲಿ ಸಾಹುಕಾರರು ಅಪ್ಪನನ್ನು ಎರಡು ಸಲ ಕೇಳಿಯಾಗಿತ್ತು. ಕಾಲೇಜಿನ ಬೋರ್ಡಿನಲ್ಲಿ ಪಾಸಾದವರ ನಂಬರು ಮಾತ್ರ ಅಂಟಿಸಿದ್ದರು. ನನ್ನ ನಂಬರಿನ ಹಿಂದಿನದೂ ಇರಲಿಲ್ಲ, ಮುಂದಿನದೂ ಇರಲಿಲ್ಲ. ನಡುವೆ ನನ್ನದಿತ್ತು. ನಾಲ್ಕು ಸಲ ಅಂಕಿ ಅಂಕಿಯಾಗಿ ಹೋಲಿಸಿ ನೋಡಿ ಬಸ್ಸು ಹತ್ತಿದೆ. ಐವತ್ತೆಂಟು ಅಂಕ ಎಂಬುದು ಆಮೇಲೆ ತಿಳಿದದ್ದು.

ಅಂಗಡಿಗೆ ಹೋದಾಗ ಮದುವೆಯವರ ಗುಂಪು ಕೂತಿತ್ತು. ಅಪ್ಪ ಪಂಚೆಯ ಬಟ್ಟೆ ಅಳೆಯುತ್ತಿದ್ದರು. ನಾನು ಹೊಸಿಲಲ್ಲೇ ನಿಂತೆ. ಸಾಹುಕಾರರು ಗಾದಿಯಿಂದ ನನ್ನನ್ನು ನೋಡಿ, "ಏನಮ್ಮ, ನಾಳೆಯಿಂದ ಬರ್ತೀಯೋ ಹೇಗೆ?" ಎಂದರು. ಅಪ್ಪ ತಲೆಯೆತ್ತಿದರು. ನಾನು ಅಪ್ಪನನ್ನು ನೋಡಿ ನಕ್ಕೆ.

"ಸಾಹುಕಾರ್ರೆ, ಸೀರೆ ಸೆಕ್ಷನ್ನಿಗೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ," ಎಂದರು ಅಪ್ಪ, ಕೈಯಲ್ಲಿದ್ದ ಮೀಟರ್ ಕೋಲನ್ನು ಕೆಳಗಿಡದೆ. "ಅವಳು ಓದ್ಬೇಕು."

ಆಮೇಲೆ ಬಟ್ಟೆಯ ಕಡೆ ತಿರುಗಿದರು. ಅಳೆದದ್ದು ನಾಲ್ಕು ಮೀಟರಾಯಿತೋ ಐದಾಯಿತೋ ಗೊತ್ತಾಗದೆ ಒಂದು ಕ್ಷಣ ನಿಂತರು. ಕೂತಿದ್ದ ಹಿರಿಯರು, "ಐದು ಆಯ್ತಲ್ಲ," ಎಂದರು. ಅಪ್ಪ ತಲೆಯಲ್ಲಾಡಿಸಿ, ಇಡೀ ಬಟ್ಟೆಯನ್ನು ತನ್ನ ಕಡೆ ಎಳೆದುಕೊಂಡು, ಒಂದರಿಂದ ಅಳೆಯಲು ಶುರು ಮಾಡಿದರು.